ಗೋಧಿಯ ವಿಜ್ಞಾನಿ, ಗುಲಾಬಿಯ ಮಾಲಿ

ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಏಕೆಂದು ನಮ್ಮ ಹಿರಿಯರು ಕೇಳುತ್ತ ಬಂದಿದ್ದಾರೆ. ಮಳೆಯನ್ನೇ ನೆಚ್ಚಿದ ಹೊಲಗಳೇ ಹೆಚ್ಚಾಗಿರುವ ನಮ್ಮ ಜತ್ತ ತಾಲೂಕಿನಲ್ಲಿ ಈ ಮಾತಿಗೆ ತೂಕ ಹೆಚ್ಚು. ಬರದ ವರ್ಷ ಕುಡಿಯುವ ನೀರಿಗೂ ಟ್ಯಾಂಕರಿನ ದಾರಿ ಕಾಯಬೇಕಾಗುವ ಊರುಗಳು ನಮ್ಮಲ್ಲಿವೆ. ಇಂಥಲ್ಲಿ ಹೂಗಿಡಕ್ಕೆ ನೀರು ಹಾಕುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಅದನ್ನು ತಪ್ಪು ಪ್ರಶ್ನೆ ಎನ್ನಲಾಗದು. ಶಾಲೆಯ ಅಂಗಳದಲ್ಲಿ ಗುಲಾಬಿ ನೆಡಬೇಕೆಂಬ ಆಸೆ ವಿದ್ಯಾರ್ಥಿಗಳಲ್ಲಿ ಮೂಡಿದಾಗಲೆಲ್ಲ ಶಿಕ್ಷಕರಾದ ನಮ್ಮ ಮುಂದೆಯೂ ಇದೇ ಪ್ರಶ್ನೆ ಬಂದು ನಿಲ್ಲುತ್ತದೆ.

ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟ ಮಹನೀಯರೊಬ್ಬರು ನಮ್ಮ ದೇಶದಲ್ಲಿ ಆಗಿಹೋದರು. ಅವರೇ ಡಾ. ಬೆಂಜಮಿನ್ ಪಿಯರಿ ಪಾಲ್. ನಾಡಿನ ಹೊಟ್ಟೆಗೆ ಹಿಟ್ಟನ್ನೂ ಮುಡಿಗೆ ಹೂವನ್ನೂ ಅವರು ಒಂದೇ ಕೈಯಿಂದ ಕೊಟ್ಟರು. ಅವರ ಜೀವನವನ್ನು ನಮ್ಮ ವಿದ್ಯಾರ್ಥಿ ಮಿತ್ರರು ತಿಳಿಯಲೇಬೇಕು.

ಪಾಲ್ ಅವರು 1906ನೇ ಮೇ 26ರಂದು ಪಂಜಾಬದ ಮುಕುಂದಪುರವೆಂಬ ಊರಿನಲ್ಲಿ ಜನಿಸಿದರು. ತಂದೆ ವೈದ್ಯರು. ಅವರಿಗೆ ಬರ್ಮಾದಲ್ಲಿ ಉದ್ಯೋಗ. ಆಗ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಭಾಗವೇ ಆಗಿತ್ತು; ನಮ್ಮ ದೇಶದ ಅನೇಕರು ನೌಕರಿಗಾಗಿ, ವ್ಯಾಪಾರಕ್ಕಾಗಿ ಅಲ್ಲಿಗೆ ಹೋಗುತ್ತಿದ್ದರು. ಹೀಗಾಗಿ ಬಾಲಕ ಪಾಲ್ ಬೆಳೆದದ್ದು ಬರ್ಮಾದಲ್ಲಿ. ಮೇಮ್ಯೋ ಎಂಬ ತಂಪಾದ ಬೆಟ್ಟದೂರಿನ ಸೇಂಟ್ ಮೈಕೆಲ್ ಶಾಲೆಯಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಪಾಠದಲ್ಲಿ ಮುಂದಿದ್ದ ಆ ಹುಡುಗನಿಗೆ ಶಾಲೆಯ ದಿನಗಳಲ್ಲೇ ಎರಡು ಹುಚ್ಚು ಹತ್ತಿದವು. ಒಂದು ಚಿತ್ರ ಬರೆಯುವುದು. ಇನ್ನೊಂದು ಗುಲಾಬಿ ಬೆಳೆಸುವುದು. ಈ ಎರಡೂ ಕೊನೆಯ ತನಕ ಅವರನ್ನು ಬಿಡಲಿಲ್ಲ. ಶಾಲೆಯಲ್ಲಿ ಹಿಡಿದ ಒಳ್ಳೆಯ ಹವ್ಯಾಸ ಎಷ್ಟು ದೂರ ಜೊತೆಗೆ ಬರುತ್ತದೆ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

1929ರಲ್ಲಿ ರಂಗೂನ್ ವಿಶ್ವವಿದ್ಯಾಲಯದಿಂದ ಸಸ್ಯಶಾಸ್ತ್ರದಲ್ಲಿ ಎಂ. ಎಸ್‌ಸಿ. ಪದವಿ ಪಡೆದ ಪಾಲ್, ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ತೆರಳಿದರು. ಅಲ್ಲಿ ಗೋಧಿಯ ತಳಿಶಾಸ್ತ್ರದಲ್ಲಿ ಹೆಸರಾಗಿದ್ದ ರೋಲೆಂಡ್ ಬಿಫೆನ್ ಹಾಗೂ ಫ್ರಾಂಕ್ ಎಂಗಲ್ಡೌ ಅವರ ಕೈಕೆಳಗೆ ಅಭ್ಯಾಸ ಮಾಡಿ 1933ರಲ್ಲಿ ಡಾಕ್ಟರೇಟ್ ಪಡೆದರು. ಸ್ವಲ್ಪ ಕಾಲ ಬರ್ಮಾದ ಕೃಷಿ ಇಲಾಖೆಯಲ್ಲಿ ಭತ್ತದ ಸಂಶೋಧನೆ ಮಾಡಿ, ಅದೇ ವರ್ಷ ಬಿಹಾರದ ಪೂಸಾ ಎಂಬಲ್ಲಿದ್ದ ಇಂಪೀರಿಯಲ್ ಕೃಷಿ ಸಂಶೋಧನಾ ಸಂಸ್ಥೆಯನ್ನು ಸೇರಿದರು.

ಬಂದು ಕೆಲವೇ ತಿಂಗಳಾಗಿತ್ತು. 1934ನೇ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಗಿ ಸಂಸ್ಥೆಯ ಕಟ್ಟಡ ಬಿದ್ದಿತು. 1936ರಲ್ಲಿ ಸಂಸ್ಥೆಯನ್ನು ದಿಲ್ಲಿಗೆ ಸಾಗಿಸಲಾಯಿತು. ದಿಲ್ಲಿಯ ಆ ಜಾಗವನ್ನು ಜನ ಇಂದಿಗೂ ಪೂಸಾ ಎಂದೇ ಕರೆಯುತ್ತಾರೆ. ಕಟ್ಟಡ ಬಿದ್ದರೂ ಪಾಲ್ ಅವರ ಕೆಲಸ ನಿಲ್ಲಲಿಲ್ಲ. ಆ ಕೆಲಸ ಯಾವುದು?

ಗೋಧಿಗೆ ತುಕ್ಕುರೋಗವೆಂಬ ಶತ್ರುವಿದೆ. ನಮ್ಮ ಕಡೆಯ ರೈತರು ಮರಾಠಿಯಲ್ಲಿ ಇದನ್ನು ತಾಂಬೇರಾ ಎನ್ನುತ್ತಾರೆ. ಕಪ್ಪು, ಕಂದು, ಹಳದಿ ಎಂದು ಅದರಲ್ಲಿ ಮೂರು ಬಗೆ. ತುಕ್ಕು ಹಿಡಿದ ಕಬ್ಬಿಣವನ್ನು ಸವರಿದಂತೆ ದಂಟು, ಎಲೆಗಳ ಮೇಲೆ ಪುಡಿ ಏಳುತ್ತದೆ, ಕಾಳು ಜೊಳ್ಳಾಗುತ್ತದೆ. ನೀಲಗಿರಿ, ಪಳನಿ ಬೆಟ್ಟಗಳ ತಂಪಿನಲ್ಲಿ ಬೇಸಿಗೆಯಲ್ಲೂ ಬದುಕಿ ಉಳಿಯುವ ಕಪ್ಪು ತುಕ್ಕಿನ ಕಣಗಳು ಗಾಳಿಯಲ್ಲಿ ತೇಲಿ ಕರ್ನಾಟಕ, ಮಹಾರಾಷ್ಟ್ರಗಳ ಹೊಲಗಳಿಗೆ ಬಂದಿಳಿಯುತ್ತಿದ್ದವು. ಎಂದರೆ ಇದು ದೂರದ ಪಂಜಾಬದ ಮಾತಷ್ಟೇ ಅಲ್ಲ, ನಮ್ಮ ಸೀಮೆಯ ಮಾತೂ ಹೌದು. 1946-47ರಲ್ಲಿ ಮಧ್ಯ ಭಾರತದಲ್ಲಿ ಈ ರೋಗ ಹಬ್ಬಿ ಗೋಧಿಯ ಬೆಳೆ ಹಾಳಾಯಿತು. ಅದಕ್ಕೂ ಮೊದಲು, 1943ರಲ್ಲಿ, ಬಂಗಾಲದ ಬರಗಾಲದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತಿದ್ದರು. ಅನ್ನದ ಚಿಂತೆ ನಾಡಿನ ತಲೆಯ ಮೇಲೆ ಕತ್ತಿಯಂತೆ ತೂಗುತ್ತಿದ್ದ ಕಾಲವದು.

ತುಕ್ಕನ್ನು ತಾಳಬಲ್ಲ ಗೋಧಿಯನ್ನು ಹುಟ್ಟಿಸಬೇಕೆಂದು ಪಾಲ್ ಹೊರಟರು. ಇದು ತಾಳ್ಮೆಯ ಕೆಲಸ. ಗೋಧಿಯ ಹೂವಿನಲ್ಲಿ ಗಂಡುಭಾಗ, ಹೆಣ್ಣುಭಾಗ ಎರಡೂ ಒಟ್ಟಿಗಿರುತ್ತವೆ. ಅದು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆದ್ದರಿಂದ ಹೂವು ಬಲಿಯುವ ಮೊದಲೇ ಸಣ್ಣ ಚಿಮಟದಿಂದ ಅದರ ಕೇಸರಗಳನ್ನು ಒಂದೊಂದಾಗಿ ಕಿತ್ತು, ಬೇರೊಂದು ತಳಿಯ ಪರಾಗವನ್ನು ತಂದು ಸೋಕಿಸಿ, ತೆನೆಗೆ ಕಾಗದದ ಚೀಲ ಕಟ್ಟಬೇಕು. ಆ ಕಾಳನ್ನು ಬಿತ್ತಿ, ಬಂದ ಬೆಳೆಗೆ ಬೇಕೆಂದೇ ರೋಗ ಸೋಕಿಸಿ, ಬದುಕಿದ್ದನ್ನು ಆರಿಸಿ, ಮರುವರ್ಷ ಮತ್ತೆ ಬಿತ್ತಬೇಕು. ಹೀಗೆ ಸುಮಾರು 20 ವರ್ಷ ದುಡಿದ ಮೇಲೆ 1954ರಲ್ಲಿ ಎನ್. ಪಿ. 809 ಎಂಬ ಗೋಧಿ ಹೊರಬಂದಿತು. ಎನ್. ಪಿ. ಎಂದರೆ ನ್ಯೂ ಪೂಸಾ. ಮೂರೂ ಬಗೆಯ ತುಕ್ಕನ್ನು ತಡೆಯುವ ಶಕ್ತಿ ಅದಕ್ಕಿತ್ತು.

ಆದರೂ ಕೆಲಸ ಮುಗಿದಿರಲಿಲ್ಲ. ಆ ಕಾಲದ ಗೋಧಿಯ ದಂಟು ಎತ್ತರ. ಹೆಚ್ಚು ಗೊಬ್ಬರ ಕೊಟ್ಟು ತೆನೆ ಭಾರವಾದರೆ ಬೆಳೆ ನೆಲಕ್ಕೊರಗುತ್ತಿತ್ತು. ಗಿಡ್ಡ ದಂಟಿನ ಗೋಧಿ ಬೇಕಾಗಿತ್ತು. ಅದು ಮೆಕ್ಸಿಕೋದಲ್ಲಿ ನಾರ್ಮನ್ ಬೋರ್ಲಾಗ್ ಅವರ ಬಳಿ ಇತ್ತು. 1963ರಲ್ಲಿ ಬೋರ್ಲಾಗ್ ಭಾರತಕ್ಕೆ ಬಂದಾಗ ದಿಲ್ಲಿಯ ಸಂಸ್ಥೆಯ ನಿರ್ದೇಶಕರಾಗಿದ್ದವರು ಪಾಲ್ ಅವರೇ, ಡಾ. ಎಂ. ಎಸ್. ಸ್ವಾಮಿನಾಥನ್ ಅದೇ ಸಂಸ್ಥೆಯಲ್ಲಿ ಆ ಕೆಲಸವನ್ನು ನಡೆಸುತ್ತಿದ್ದರು. 1965ರಲ್ಲಿ ಪಾಲ್ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದರು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬೀಜ ಬಂದಿತು. 1964-65ರಲ್ಲಿ ಸುಮಾರು 123 ಲಕ್ಷ ಟನ್ನಿದ್ದ ದೇಶದ ಗೋಧಿಯ ಬೆಳೆ 1967-68ರಲ್ಲಿ ಸುಮಾರು 165 ಲಕ್ಷ ಟನ್ನಿಗೆ ಏರಿತು. ಹಸಿರು ಕ್ರಾಂತಿ ಎಂದು ನಾವು ಪಾಠದಲ್ಲಿ ಓದುವುದು ಇದನ್ನೇ. ಬೆಂಗಳೂರಿನ ಹತ್ತಿರ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಸ್ಥಾಪನೆಯಾದದ್ದೂ ಪಾಲ್ ಅವರ ಅಧಿಕಾರದ ಕಾಲದಲ್ಲಿ, 1967ರಲ್ಲಿ.

ಇಷ್ಟು ದೊಡ್ಡ ಹೊಣೆ ಹೊತ್ತವರಿಗೆ ಹೂವಿನ ಕಡೆ ನೋಡಲು ಪುರುಸೊತ್ತೆಲ್ಲಿ ಎಂದು ನಮಗೆ ಅನಿಸುವುದು ಸಹಜ. ಪಾಲ್ ಅವರು ಮಾತ್ರ ಗುಲಾಬಿಯನ್ನು ಬಿಡಲಿಲ್ಲ. ಆಗ ನಮ್ಮ ತೋಟಗಳಲ್ಲಿದ್ದ ಒಳ್ಳೆಯ ಗುಲಾಬಿಗಳಲ್ಲಿ ಬಹುಪಾಲು ಯುರೋಪಿನ ತಂಪು ನಾಡುಗಳಿಂದ ಬಂದವು. ನಮ್ಮ ಬಿಸಿಲಿಗೆ ಅವು ಸೊರಗುತ್ತಿದ್ದವು, ಬಣ್ಣ ಮಾಸುತ್ತಿದ್ದವು. ನಮ್ಮ ನೆಲದಲ್ಲಿ ಹುಟ್ಟಿ ನಮ್ಮ ಬಿಸಿಲನ್ನು ತಾಳುವ ಗುಲಾಬಿ ನಮಗೆ ಬೇಕೆಂದು ಅವರು ಬಗೆದರು. ಗೋಧಿಗೆ ಮಾಡಿದ್ದನ್ನೇ ಗುಲಾಬಿಗೂ ಮಾಡಿದರು. ಅರಳುವ ಮೊದಲೇ ಮೊಗ್ಗಿನ ಪಕಳೆ, ಕೇಸರಗಳನ್ನು ತೆಗೆದು, ಬೇರೆ ಹೂವಿನ ಪರಾಗವನ್ನು ಕುಂಚದಿಂದ ಹಚ್ಚಿ, ಚೀಲ ಕಟ್ಟಿ, ಕಾಯಿ ಹಣ್ಣಾಗುವ ತನಕ ತಿಂಗಳುಗಟ್ಟಲೆ ಕಾದು, ಬೀಜ ಬಿತ್ತಿ, ಬಂದ ನೂರಾರು ಸಸಿಗಳಲ್ಲಿ ಒಂದೋ ಎರಡೋ ಉಳಿಸಿಕೊಳ್ಳುವ ಕೆಲಸವಿದು. ಹೀಗೆ ಅವರು ನೂರಕ್ಕೂ ಹೆಚ್ಚು ಗುಲಾಬಿ ತಳಿಗಳನ್ನು ಸೃಷ್ಟಿಸಿದರು. ಗೊಂಚಲಾಗಿ ಅರಳುವ ಡೆಲ್ಲಿ ಪ್ರಿನ್ಸೆಸ್ ಅವುಗಳಲ್ಲೊಂದು. ವಿಮಾನ ಅಪಘಾತದಲ್ಲಿ 1966ರಲ್ಲಿ ತೀರಿಹೋದ ಅಣುವಿಜ್ಞಾನಿಯ ನೆನಪಿಗೆ ಡಾ. ಹೋಮಿ ಭಾಭಾ ಎಂದು ಹೆಸರಿಟ್ಟ ಬಿಳಿಯ ಗುಲಾಬಿ ಇನ್ನೊಂದು. ಗುಲಾಬಿ ಪ್ರಿಯರ ಸಂಘವಾದ ರೋಜ್ ಸೊಸೈಟಿ ಆಫ್ ಇಂಡಿಯಾದ ಮೊದಲ ಅಧ್ಯಕ್ಷರೂ ಅವರೇ. 1966ರಲ್ಲಿ, ಎಂದರೆ ಮೆಕ್ಸಿಕೋದ ಗೋಧಿ ಬೀಜ ಬಂದ ವರ್ಷವೇ, ಭಾರತದ ಗುಲಾಬಿಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವೂ ಹೊರಬಂದಿತು.

ವಿದ್ಯಾರ್ಥಿ ಮಿತ್ರರೇ, ಇಂಥವರ ಜೀವನವನ್ನು ಓದಿ ಪುಸ್ತಕ ಮುಚ್ಚಿಟ್ಟರೆ ಸಾಲದು. ಹೊಸದಾಗಿ ಗುಲಾಬಿ ನೆಡುವವರಿಗೆ ನಮ್ಮ ಸೀಮೆಗೆ ಒಪ್ಪುವ ನಾಲ್ಕು ಮಾತುಗಳನ್ನು ಇಲ್ಲಿ ಹೇಳುವೆವು.

ದಿನಕ್ಕೆ ಐದಾರು ತಾಸು ಬಿಸಿಲು ಬೀಳುವ ಜಾಗವನ್ನು ಆರಿಸಬೇಕು. ಗಿಡದ ನೆರಳು ಗುಲಾಬಿಗೆ ಆಗದು. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಕೆಲವು ದಿನ ಬಿಸಿಲಿಗೆ ಬಿಡಬೇಕು. ಎರೆ ಮಣ್ಣಾದರೆ ನೀರು ನಿಂತು ಬೇರು ಕೊಳೆಯುತ್ತದೆ; ಅದಕ್ಕೆ ಮರಳು ಬೆರೆಸಬೇಕು. ಗರಸು ನೆಲವಾದರೆ ನೀರು ನಿಲ್ಲದು. ಅದಕ್ಕೆ ಗೊಬ್ಬರ ಹೆಚ್ಚು ಬೇಕು. ಮಾಡಗ್ಯಾಳದ ಕುರಿಗಳಿಗೆ ಹೆಸರಾದ ತಾಲೂಕು ನಮ್ಮದು. ಚೆನ್ನಾಗಿ ಕಳಿತ ಕುರಿಗೊಬ್ಬರಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಅದರ ಜೊತೆ ಒಂದು ಬೊಗಸೆ ಬೇವಿನ ಹಿಂಡಿ ಬೆರೆಸಿದರೆ ಒಳ್ಳೆಯದು.

ಅಂಗಡಿಯಲ್ಲಿ ಸಿಗುವ ಗುಲಾಬಿ ಹೆಚ್ಚಾಗಿ ಕಣ್ಣು ಕಸಿ ಮಾಡಿದ್ದು. ಗಟ್ಟಿ ಬೇರಿನ ಕಾಡುಗುಲಾಬಿಯ ಮೇಲೆ ಒಳ್ಳೆಯ ಜಾತಿಯ ಕಣ್ಣನ್ನು ಕೂರಿಸಿರುತ್ತಾರೆ. ಕಸಿಯ ಗಂಟು ಮಣ್ಣಿನ ಮೇಲೆ ಎರಡು ಅಂಗುಲವಾದರೂ ಇರುವಂತೆ ನೆಡಬೇಕು. ಗಂಟಿನ ಕೆಳಗಿನಿಂದ ಚಿಗುರು ಬಂದರೆ ಅದು ಕಾಡುಗುಲಾಬಿಯ ಚಿಗುರು. ನೋಡಲು ಹುಲುಸಾಗಿದ್ದರೂ ಬುಡದಿಂದಲೇ ಕಿತ್ತುಹಾಕಬೇಕು. ಬಿಟ್ಟರೆ ಒಳ್ಳೆಯ ಗಿಡವನ್ನೇ ಅದು ನುಂಗುತ್ತದೆ.

ದಸರೆ ಕಳೆದು ಮಳೆ ನಿಂತ ಮೇಲೆ ಗಿಡವನ್ನು ಸವರಬೇಕು. ಒಣಗಿದ, ರೋಗ ಹಿಡಿದ, ಒಂದಕ್ಕೊಂದು ಉಜ್ಜುವ ಟೊಂಗೆಗಳನ್ನು ತೆಗೆದು, ಉಳಿದವನ್ನು ಅರ್ಧಕ್ಕೆ ಕತ್ತರಿಸಬೇಕು. ಹೊರಮುಖವಾಗಿರುವ ಕಣ್ಣಿನ ತುಸು ಮೇಲೆ ಓರೆಯಾಗಿ ಕತ್ತರಿಸಿದರೆ ಹೊಸ ಚಿಗುರು ಹೊರಗೆ ಹರಡಿ, ಗಿಡದ ನಡುವೆ ಗಾಳಿ, ಬೆಳಕು ಆಡುತ್ತವೆ. ಕತ್ತರಿಸಿ ಆರೇಳು ವಾರಗಳಿಗೆ ಹೂವು ಬರುತ್ತದೆ. ದ್ರಾಕ್ಷಿ ತೋಟವಿದ್ದವರ ಮಕ್ಕಳಿಗೆ ಚಾಟಣಿ ಹೊಸತಲ್ಲ. ಟೊಂಗೆ ತುದಿಯಿಂದ ಕಪ್ಪಾಗಿ ಒಣಗುತ್ತ ಇಳಿದರೆ ಹಸಿರು ಭಾಗದ ತನಕ ಕತ್ತರಿಸಿ ಬೋರ್ಡೋ ಮುಲಾಮು ಹಚ್ಚಬೇಕು.

ಇನ್ನು ನೀರಿನ ಮಾತು. ನೆಲದಲ್ಲಿ ಬೇರೂರಿದ ಒಂದು ಗಿಡಕ್ಕೆ ಚಳಿಗಾಲದಲ್ಲಿ ವಾರಕ್ಕೆರಡು ಸಲ, ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಅರ್ಧ ಕೊಡ ಸಾಕು. ಬುಡಕ್ಕೆ ಜೋಳದ ಕಣಕಿಯ ಚೂರು ಹೊದಿಸಿದರೆ ತೇವ ಆರದು. ಸಂಜೆ ಎಲೆಗಳ ಮೇಲೆ ನೀರು ಸುರಿಯಬಾರದು. ರಾತ್ರಿಯೆಲ್ಲ ಎಲೆ ತೊಯ್ದಿದ್ದರೆ ಕಪ್ಪು ಚುಕ್ಕೆ ರೋಗ ಬರುತ್ತದೆ. ಮಧ್ಯಾಹ್ನದ ಊಟಕ್ಕೆ ಕೂರುವ ಮುನ್ನ ಮಕ್ಕಳೆಲ್ಲ ಬರಿ ನೀರಿನಲ್ಲಿ ತಾಟು ತೊಳೆದು ಚೆಲ್ಲುವ ನೀರನ್ನು ಕಾಲುವೆ ಮಾಡಿ ತಿರುಗಿಸಿದರೆ ಹತ್ತಾರು ಗಿಡ ಬದುಕುತ್ತವೆ. ಕುಡಿಯುವ ನೀರಿನಲ್ಲಿ ಒಂದು ತಂಬಿಗೆಯೂ ಇದಕ್ಕೆ ಬೇಕಾಗದು.

ಪಾಲ್ ಅವರು 1972ರಲ್ಲಿ ನಿವೃತ್ತರಾದರು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು. ಅದೇ ವರ್ಷ ನಮ್ಮ ಮಹಾರಾಷ್ಟ್ರಕ್ಕೆ ದೊಡ್ಡ ಬರ ಬಂದಿತು. ಕಾಮಗಾರಿಯ ಮೇಲೆ ಹಂಚಿದ ಸುಕಡಿಯನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಧಾನ್ಯದ ಬೆಲೆ ಏನೆಂಬುದನ್ನು ಅವರಿಂದ ಕೇಳಿ ತಿಳಿಯಬೇಕು. ಪಾಲ್ ಅವರಿಗೆ 1959ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ, 1987ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. ಅವರು ಮದುವೆಯಾಗಲಿಲ್ಲ. 1989ನೇ ಸಪ್ಟೆಂಬರ್ 14ರಂದು ತೀರಿಕೊಂಡರು. ದಿಲ್ಲಿಯ ಸಂಸ್ಥೆಯ ಸಭಾಭವನಕ್ಕೆ ಅವರ ಹೆಸರಿದೆ.

ಹಿಟ್ಟು ಮೊದಲು, ಹೂವು ಆಮೇಲೆ ಎಂಬ ಹಿರಿಯರ ಮಾತು ಸುಳ್ಳಲ್ಲ. ಆದರೆ ಹಿಟ್ಟಿಗಾಗಿ ದುಡಿಯುವ ಕೈಗೆ ಹೂವನ್ನು ನೋಡಿಕೊಳ್ಳುವ ಮೃದುತನವೂ ಬೇಕೆಂದು ಪಾಲ್ ಅವರ ಜೀವನ ತೋರಿಸುತ್ತದೆ. ಗುಲಾಬಿಯ ಎಲೆಯ ಮೇಲಿನ ಚುಕ್ಕೆಯನ್ನು ಬೆಳಿಗ್ಗೆಯೇ ಗುರುತಿಸಲು ಕಲಿತ ಹುಡುಗ ನಾಳೆ ಹೊಲದಲ್ಲಿ ಜೋಳದ ರೋಗವನ್ನೂ ದಾಳಿಂಬೆಯ ರೋಗವನ್ನೂ ಹೊತ್ತಿಗೆ ಸರಿಯಾಗಿ ಗುರುತಿಸುತ್ತಾನೆ. ಈ ಮಳೆಗಾಲದಲ್ಲಿ ತರಗತಿಗೊಂದರಂತೆ ಗಿಡ ನೆಟ್ಟು, ದಿನಕ್ಕಿಬ್ಬರಂತೆ ಸರದಿಯ ಮೇಲೆ ಅದನ್ನು ನೋಡಿಕೊಂಡು, ಕಂಡದ್ದನ್ನು ಒಂದು ವಹಿಯಲ್ಲಿ ಬರೆದಿಡೋಣ. ದಸರೆಯ ಹೊತ್ತಿಗೆ ಕತ್ತರಿ ಹಿಡಿಯುವ ಕೆಲಸ ಇದ್ದೇ ಇದೆ.