ಸತ್ತ ಕಪ್ಪೆಯ ಕಾಲು ಒದ್ದಾಗ

ಬಕ್ರೀದ್ ದಿನ ಕುರ್ಬಾನಿ ಆದ ಮೇಲೆ ತಟ್ಟೆಯಲ್ಲಿಟ್ಟ ಮಾಂಸದ ತುಂಡು ಕೆಲವೊಮ್ಮೆ ತಾನಾಗಿ ಅದುರುವುದನ್ನು ನೀವೂ ನೋಡಿರಬಹುದು. ಚಿಕ್ಕವನಿದ್ದಾಗ ಅದನ್ನು ಕಂಡು ಹೆದರಿ ನಾನು ದಾದಿಯ ಹಿಂದೆ ಅಡಗಿಕೊಂಡಿದ್ದೆ. ಜೀವ ಹೋದ ಮೇಲೂ ಮಾಂಸ ಏಕೆ ಅಲುಗುತ್ತದೆ? ಈ ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಬಿದ್ದವರು ಇಟಲಿಯ ಲುಯಿಜಿ ಗ್ಯಾಲ್ವಾನಿ. ನಾನು ಕಾಮರ್ಸ್ ವಿದ್ಯಾರ್ಥಿ, ತಪ್ಪಿದ್ದರೆ ಸೈನ್ಸ್ ವಿಭಾಗದವರು ತಿದ್ದಬೇಕು.

ಗ್ಯಾಲ್ವಾನಿ 1737ರ ಸೆಪ್ಟೆಂಬರ್ 9ರಂದು ಬೊಲೋನ್ಯಾ ನಗರದಲ್ಲಿ ಹುಟ್ಟಿದರು. ತಂದೆ ಅಕ್ಕಸಾಲಿಗ. ಅಲ್ಲಿನ ವಿಶ್ವವಿದ್ಯಾಲಯದಲ್ಲೇ ವೈದ್ಯಶಾಸ್ತ್ರ ಓದಿ, ಅಲ್ಲೇ ಅಂಗರಚನಾಶಾಸ್ತ್ರ ಕಲಿಸಿದರು. 1762ರಲ್ಲಿ ತಮ್ಮ ಪ್ರಾಧ್ಯಾಪಕರ ಮಗಳು ಲೂಚಿಯಾ ಅವರನ್ನು ಮದುವೆಯಾದರು. ಪ್ರಯೋಗಗಳಲ್ಲಿ ಲೂಚಿಯಾ ಜೊತೆಗೇ ಇರುತ್ತಿದ್ದರು.

ಒಂದು ದಿನ ಮೇಜಿನ ಮೇಲೆ ಚರ್ಮ ಸುಲಿದ ಕಪ್ಪೆಯ ಕಾಲುಗಳಿದ್ದವು, ಹತ್ತಿರದಲ್ಲೇ ವಿದ್ಯುತ್ ಯಂತ್ರವಿತ್ತು. ಯಂತ್ರದಿಂದ ಕಿಡಿ ಹಾರಿದ ಗಳಿಗೆಯಲ್ಲೇ ಒಬ್ಬ ಸಹಾಯಕನ ಚಾಕು ಕಪ್ಪೆಯ ನರಕ್ಕೆ ತಾಗಿತು. ಸತ್ತ ಕಾಲು ಜೋರಾಗಿ ಒದ್ದಿತು! ಆಮೇಲೆ ಗ್ಯಾಲ್ವಾನಿ ಮಿಂಚು ಬರುವಾಗ ಬಯಲಿನಲ್ಲಿಟ್ಟು ನೋಡಿದರು. ಹಿತ್ತಾಳೆಯ ಕೊಕ್ಕೆಗೆ ಸಿಕ್ಕಿಸಿ ಕಬ್ಬಿಣದ ಕಂಬಿಗೆ ತಗುಲಿಸಿದಾಗ ಮಿಂಚಿಲ್ಲದೆಯೂ ಕಾಲು ಅಲುಗಿತು. ಪ್ರಾಣಿಯ ದೇಹದಲ್ಲೇ ವಿದ್ಯುತ್ ಇದೆ ಎಂದು ತೀರ್ಮಾನಿಸಿ 1791ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದರು. ಅದನ್ನು ನೋಡಲು ಲೂಚಿಯಾ ಬದುಕಿರಲಿಲ್ಲ.

ಪಾವಿಯಾದ ಪ್ರಾಧ್ಯಾಪಕ ವೋಲ್ಟಾ ಮೊದಲು ಒಪ್ಪಿದರು, ಆಮೇಲೆ ತಿರುಗಿಬಿದ್ದರು. ವಿದ್ಯುತ್ ಬಂದದ್ದು ಕಪ್ಪೆಯಿಂದಲ್ಲ, ಎರಡು ಬೇರೆ ಲೋಹಗಳಿಂದ ಎಂಬುದು ಅವರ ವಾದ. ಗ್ಯಾಲ್ವಾನಿ ಜಗಳಕ್ಕೆ ಹೋಗಲಿಲ್ಲ. ಯಾವ ಲೋಹವೂ ಇಲ್ಲದೆ, ನರವನ್ನು ನೇರವಾಗಿ ಸ್ನಾಯುವಿಗೆ ತಾಗಿಸಿ ಕಾಲು ಅಲುಗಿಸಿ ತೋರಿಸಿದರು. ನಿಜ ಹೇಳಬೇಕೆಂದರೆ ಇಬ್ಬರದೂ ಅರ್ಧರ್ಧ ಸರಿ. ಪ್ರಾಣಿ ಸತ್ತರೂ ನರ, ಸ್ನಾಯುಗಳ ಜೀವಕೋಶಗಳು ಕೂಡಲೇ ಸಾಯುವುದಿಲ್ಲ. ಅವುಗಳ ಒಳಗೂ ಹೊರಗೂ ವಿದ್ಯುತ್ ಅಂಶವಿರುವ ಲವಣದ ಕಣಗಳಿರುತ್ತವೆ. ಹೊರಗಿನ ವಿದ್ಯುತ್ ತಾಗಿದರೆ ಈ ಕಣಗಳು ಒಳಗೆ ನುಗ್ಗಿ ಸ್ನಾಯು ಸಂಕುಚಿಸುತ್ತದೆ. ಕೋಶದ ಶಕ್ತಿ ಮುಗಿದ ಮೇಲೆ ಎಷ್ಟು ಕರೆಂಟ್ ಕೊಟ್ಟರೂ ಅಲುಗದು.

ನೆಪೋಲಿಯನ್ ಇಟಲಿಗೆ ಬಂದ ಮೇಲೆ ಹೊಸ ಸರ್ಕಾರ ಎಲ್ಲ ಪ್ರಾಧ್ಯಾಪಕರೂ ನಿಷ್ಠೆಯ ಪ್ರಮಾಣ ಮಾಡಬೇಕೆಂದಿತು. ತಮ್ಮ ಧರ್ಮಕ್ಕೂ ಮನಸ್ಸಾಕ್ಷಿಗೂ ಅದು ಒಪ್ಪದೆಂದು ಗ್ಯಾಲ್ವಾನಿ ನಿರಾಕರಿಸಿದರು. 1798ರಲ್ಲಿ ಕೆಲಸ ಹೋಯಿತು, ಸಂಬಳವೂ ನಿಂತಿತು. ಒಂದು ಸಹಿಯ ಮಾತು, ಹಾಕಿಬಿಡಬಹುದಿತ್ತು ಅಂತ ನನಗೆ ಮೊದಲು ಅನಿಸಿತು. ಅವರು ಹಾಕಲಿಲ್ಲ. ಅಣ್ಣತಮ್ಮಂದಿರ ಮನೆಯಲ್ಲಿದ್ದುಕೊಂಡು ಅದೇ ವರ್ಷ ಡಿಸೆಂಬರ್ 4ರಂದು ತೀರಿಕೊಂಡರು. ವೋಲ್ಟಾ ಬ್ಯಾಟರಿ ಮಾಡಿದ್ದು 1800ರಲ್ಲಿ.

1803ರಲ್ಲಿ ಗ್ಯಾಲ್ವಾನಿಯ ಅಕ್ಕತಂಗಿಯರ ಮಗ ಅಲ್ದೀನಿ ಲಂಡನ್ನಿನಲ್ಲಿ, ಗಲ್ಲಿಗೇರಿದ್ದ ಜಾರ್ಜ್ ಫಾರ್ಸ್ಟರ್ ಎಂಬವನ ಶವಕ್ಕೆ ಅದೇ ಬ್ಯಾಟರಿಯ ತಂತಿ ತಾಗಿಸಿದ. ದವಡೆ ನಡುಗಿತು, ಒಂದು ಕಣ್ಣು ತೆರೆಯಿತು. ಹೋದ ಜೀವ ಮಾತ್ರ ಬರಲಿಲ್ಲ.

ಅಂದಹಾಗೆ, ಸೈಕಲ್ ಸ್ಟ್ಯಾಂಡಿಗೆ ಹೊದಿಸುವ ಜಿ.ಐ. ಶೀಟಿನ ‘ಜಿ’ ಬಂದಿರುವುದು ಗ್ಯಾಲ್ವಾನಿ ಹೆಸರಿನಿಂದಲೇ.