ಮೊದಲ ಸೂಜಿ ತಮಗೇ: ವಾಲ್ಡೆಮರ್ ಹ್ಯಾಫ್‌ಕಿನ್

ಕರುಳಿನ ರೋಗವಾದ ಕಾಲರಾ ಊರೂರುಗಳನ್ನೇ ಬರಿದುಮಾಡುತ್ತಿದ್ದ ಕಾಲವದು. 1860ರಲ್ಲಿ ಒಡೆಸ್ಸಾದ ಯೆಹೂದಿ ಕುಟುಂಬದಲ್ಲಿ ಜನಿಸಿದ ಹ್ಯಾಫ್‌ಕಿನ್, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಅದಕ್ಕೆ ಲಸಿಕೆ ಸಿದ್ಧಪಡಿಸಿ, 1892ರ ಜುಲೈನಲ್ಲಿ ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡು, ಅದೇ ತಿಂಗಳು ವರದಿ ಪ್ರಕಟಿಸಿದರು. 1893ರಲ್ಲಿ ಭಾರತಕ್ಕೆ ಬಂದು, ಮರುವರ್ಷ ಕಲ್ಕತ್ತೆಯ ಬಡಕೇರಿಗಳಲ್ಲಿ ಒಂದೇ ಮನೆಯ ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ಲೆಕ್ಕವಿಟ್ಟರು. ಔಷಧದ ಗುಣವನ್ನು ಊಹೆಯಿಂದಲ್ಲ, ಹೋಲಿಕೆಯಿಂದ ಅರಿಯಬೇಕೆಂಬುದು ಅವರ ಕ್ರಮವಾಗಿತ್ತು.

1897ರ ಜನವರಿಯಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನೂ ಮೊದಲು ತಾವೇ ಪಡೆದರು. 1898ರಲ್ಲಿ ಹುಬ್ಬಳ್ಳಿಯ ಸಾವಿರಾರು ಜನ ಅದಕ್ಕೆ ತೋಳೊಡ್ಡಿದರು. ನಮ್ಮ ಗದಗ-ಬೆಟಗೇರಿಯೂ ಆಗ ಅದೇ ಧಾರವಾಡ ಜಿಲ್ಲೆಗೆ ಸೇರಿತ್ತು.

1902ರಲ್ಲಿ ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮಡಿದರು. ಅಪವಾದವೆಲ್ಲ ಹ್ಯಾಫ್‌ಕಿನ್ನರ ತಲೆಗೆ ಬಂದು, ಹುದ್ದೆ ಕೈತಪ್ಪಿತು. ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ಸಾಕ್ಷ್ಯಗಳನ್ನು ಪರಿಶೀಲಿಸಿ ಅವರ ಪರವಾಗಿ ನಿಂತ ಮೇಲೆ, 1907ರಲ್ಲಿ ಕಳಂಕ ಕಳೆಯಿತು. ಕಹಿಯನ್ನು ಬದಿಗಿಟ್ಟು ಅವರು ಮತ್ತೆ ಭಾರತಕ್ಕೇ ಸೇವೆಗೆ ಬಂದರು. 1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಅವರ ಹೆಸರಿಡಲಾಯಿತು. 1930ರಲ್ಲಿ ಲೊಸಾನ್ ನಗರದಲ್ಲಿ ನಿಧನರಾದರು.

ಪ್ರಿಯ ವಾಚಕರೇ, ದೂರು ಹೊರಿಸಲು ಒಂದು ದಿನ ಸಾಕು. ಅದನ್ನು ತೊಳೆಯಲು ಐದು ವರ್ಷ ಬೇಕಾಯಿತು. ತೀರ್ಪಿಗೆ ಮುನ್ನ ಪರೀಕ್ಷಿಸಿ ನೋಡುವುದು ಪ್ರಯೋಗಾಲಯಕ್ಕಷ್ಟೇ ಅಲ್ಲ, ನೆರೆಯವರೊಡನೆ ಬಾಳುವ ಪ್ರತಿ ಮನೆಗೂ ಸಲ್ಲುವ ನ್ಯಾಯ.