ಮೊನೊಪಲಿ ಆಟ ಕಂಡುಹಿಡಿದದ್ದು ಕೆಲಸ ಕಳೆದುಕೊಂಡ ಸೇಲ್ಸ್‌ಮನ್ನಾ? ಮರೆತುಹೋದ ಸ್ಟೆನೋಗ್ರಾಫರ್ ಲಿಜ್ಜಿ ಮಗೀ ಕಥೆ

ಇಂಥದೊಂದು ಸ್ಫೂರ್ತಿಕಥೆ ನಿಮ್ಮ ಫೋನಿಗೂ ಬಂದಿರಬಹುದು. 1930ರ ದಶಕದ ಅಮೆರಿಕ. ಆರ್ಥಿಕ ಕುಸಿತದಲ್ಲಿ ಚಾರ್ಲ್ಸ್ ಡ್ಯಾರೋ ಎಂಬ ಸೇಲ್ಸ್‌ಮನ್ ಕೆಲಸ ಕಳೆದುಕೊಳ್ಳುತ್ತಾನೆ. ಆದರೂ ಕೈಕಟ್ಟಿ ಕೂರದೆ, ಮನೆಯಲ್ಲೇ ಕುಳಿತು ಒಂದು ಆಟದ ಬೋರ್ಡ್ ಬರೆಯುತ್ತಾನೆ. ಅದೇ ಮೊನೊಪಲಿ. ಅದರಿಂದ ಕೋಟ್ಯಧೀಶನಾಗುತ್ತಾನೆ. ಕೊನೆಗೆ, ಸೋತರೂ ಛಲ ಬಿಡಬೇಡಿ, ಹತ್ತು ಜನಕ್ಕೆ ಕಳಿಸಿ ಎಂಬ ಸಾಲು.

ಇದರಲ್ಲಿ ಅರ್ಧ ನಿಜ. ಡ್ಯಾರೋ ಎಂಬಾತ ಇದ್ದ, ಕೆಲಸವೂ ಹೋಗಿತ್ತು, ಆ ಆಟದಿಂದ ಶ್ರೀಮಂತನೂ ಆದ. ಆದರೆ ಆಟ ಅವನದ್ದಲ್ಲ. ಅವನಿಗಿಂತ ಸುಮಾರು ಮೂವತ್ತು ವರ್ಷ ಮೊದಲೇ ಅದನ್ನು ರೂಪಿಸಿ ಪೇಟೆಂಟ್ ಪಡೆದವರು ಎಲಿಜಬೆತ್ ಮಗೀ. ಎಲ್ಲರೂ ಲಿಜ್ಜಿ ಎಂದೇ ಕರೆಯುತ್ತಿದ್ದರು. ಈ ಸುಳ್ಳು ಹುಟ್ಟಿದ್ದು ವಾಟ್ಸ್ಆ್ಯಪ್‌ನಲ್ಲಲ್ಲ. ಆಟ ಮಾರುತ್ತಿದ್ದ ಕಂಪನಿಯೇ ದಶಕಗಳ ಕಾಲ ಡ್ಯಾರೋ ಕಥೆಯನ್ನು ಆಟದ ಜೊತೆಗೇ ಹಂಚಿತ್ತು.

ಮೊನೊಪಲಿ ಅಂದರೆ ಗೊತ್ತಾಗದಿದ್ದರೆ, ನಾವು ಬೇಸಿಗೆ ರಜೆಯಲ್ಲಿ ಆಡುತ್ತಿದ್ದ ‘ಬಿಸಿನೆಸ್’ ಆಟ ನೆನಪಿಸಿಕೊಳ್ಳಿ. ದಾಳ ಹಾಕುವುದು, ಮುಂಬೈ, ದಿಲ್ಲಿ ಕೊಳ್ಳುವುದು, ಬಾಡಿಗೆ ವಸೂಲಿ ಮಾಡುವುದು, ಜೈಲು, ಕ್ಲಬ್, ರೆಸ್ಟ್ ಹೌಸ್. ಅದು ಇದರದ್ದೇ ದೇಸಿ ರೂಪ.

ಅಪ್ಪ ಕೊಟ್ಟ ಪುಸ್ತಕ

ಲಿಜ್ಜಿ ಹುಟ್ಟಿದ್ದು 1866ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಮಕೋಂಬ್ ಎಂಬ ಊರಿನಲ್ಲಿ. ಅಪ್ಪ ಜೇಮ್ಸ್ ಮಗೀ ಪತ್ರಿಕೆ ನಡೆಸುತ್ತಿದ್ದರು. ಗುಲಾಮಗಿರಿಯ ವಿರುದ್ಧ ಹೋರಾಡಿದವರು, 1858ರಲ್ಲಿ ಅಬ್ರಹಾಂ ಲಿಂಕನ್ ಊರೂರು ಸುತ್ತಿ ಚರ್ಚೆ ನಡೆಸಿದಾಗ ಜೊತೆಗೆ ಓಡಾಡಿದವರು. ಹೆನ್ರಿ ಜಾರ್ಜ್ ಎಂಬ ಅರ್ಥಚಿಂತಕ 1879ರಲ್ಲಿ ಬರೆದ ‘ಪ್ರೋಗ್ರೆಸ್ ಆ್ಯಂಡ್ ಪಾವರ್ಟಿ’ ಪುಸ್ತಕವನ್ನು ಮಗಳ ಕೈಗೆ ಕೊಟ್ಟವರೂ ಅವರೇ.

ಆ ಪುಸ್ತಕದ ವಾದ ನಮಗೆ ಬೇಗ ಅರ್ಥವಾಗುತ್ತದೆ. ಊರ ಹೊರಗೆ ಒಂದು ಖಾಲಿ ಸೈಟಿದೆ ಅಂದುಕೊಳ್ಳಿ. ಪಕ್ಕದಲ್ಲಿ ರಸ್ತೆ ಬಂತು, ಆಮೇಲೆ ರೈಲ್ವೆ ಸ್ಟೇಷನ್ ಬಂತು. ಸೈಟಿನ ಬೆಲೆ ಹತ್ತು ಪಟ್ಟಾಯಿತು. ಅದಕ್ಕಾಗಿ ಸೈಟಿನ ಮಾಲೀಕ ಮಾಡಿದ್ದೇನು? ಏನೂ ಇಲ್ಲ. ಬೆಲೆ ಏರಿದ್ದು ಊರಿನ ದುಡಿಮೆಯಿಂದ, ಹಾಗಾಗಿ ಆ ಲಾಭ ತೆರಿಗೆಯ ಮೂಲಕ ಊರಿಗೇ ಬರಬೇಕು, ದುಡಿದು ಗಳಿಸಿದ್ದಕ್ಕೆ ತೆರಿಗೆ ಬೇಡ ಎನ್ನುವುದು ಜಾರ್ಜ್ ಲೆಕ್ಕಾಚಾರ. ಲಿಜ್ಜಿ ಇದನ್ನು ಬದುಕಿಡೀ ನಂಬಿದರು.

ಹೊಟ್ಟೆಪಾಡಿಗೆ ಅವರು ಮಾಡಿದ್ದು ಸ್ಟೆನೋಗ್ರಾಫರ್, ಟೈಪಿಸ್ಟ್ ಕೆಲಸ. ವಾಷಿಂಗ್ಟನ್‌ನಲ್ಲಿ ವಿಳಾಸ ಸಿಗದೆ ಉಳಿದ ಕಾಗದಗಳನ್ನು ನೋಡಿಕೊಳ್ಳುವ ಅಂಚೆ ವಿಭಾಗದಲ್ಲಿದ್ದರು. ಜೊತೆಗೆ ಕವಿತೆ, ಕಥೆ ಬರೆಯುತ್ತಿದ್ದರು, ನಾಟಕಗಳಲ್ಲಿ ಹಾಸ್ಯಪಾತ್ರ ಮಾಡುತ್ತಿದ್ದರು. 1893ರಲ್ಲಿ, ಟೈಪ್‌ರೈಟರ್‌ನ ಉರುಳೆಗಳ ನಡುವೆ ಕಾಗದ ಸಲೀಸಾಗಿ ಸರಿಯುವಂತೆ ಮಾಡುವ ಸಾಧನಕ್ಕೆ ಪೇಟೆಂಟ್ ಪಡೆದರು. ಅಮೆರಿಕದ ಹೆಂಗಸರಿಗೆ ದೇಶಾದ್ಯಂತ ಮತದಾನದ ಹಕ್ಕು ಸಿಗಲು ಆಗಿನ್ನೂ 27 ವರ್ಷ ಬಾಕಿ ಇತ್ತು.

ಸಂಜೆ ಹೊತ್ತು ಜನರಿಗೆ ಹೆನ್ರಿ ಜಾರ್ಜ್ ವಿಚಾರ ಹೇಳಿಕೊಡುತ್ತಿದ್ದರು. ಭಾಷಣ ಕೇಳಿ ಎಷ್ಟು ಜನ ಬದಲಾಗುತ್ತಾರೆ? ಆಟ ಆಡಿಸಿದರೆ ಮಕ್ಕಳಿಗೂ ಅರ್ಥವಾಗುತ್ತದೆ ಅನ್ನಿಸಿತು. ಆ ಕಾಲದ ಹೆಚ್ಚಿನ ಬೋರ್ಡ್ ಆಟಗಳು ಲೂಡೋ ಥರ, ಒಂದು ಕಡೆ ಹೊರಟು ಇನ್ನೊಂದು ಕಡೆ ಮುಟ್ಟಿದರೆ ಮುಗಿಯಿತು. ಲಿಜ್ಜಿಯ ಆಟದಲ್ಲಿ ದಾರಿಗೆ ಕೊನೆಯೇ ಇಲ್ಲ. ಚೌಕಾಕಾರದ ಬೋರ್ಡಿನ ಅಂಚಿನಲ್ಲಿ ಸುತ್ತುತ್ತಲೇ ಇರಬೇಕು. ಪ್ರತಿ ಸುತ್ತಿಗೆ 100 ಡಾಲರ್ ಕೂಲಿ. ದಾರಿಯಲ್ಲಿ ಕೊಳ್ಳಲು ಸೈಟುಗಳು, ನಾಲ್ಕು ರೈಲ್ವೆ. ದುಡ್ಡು ಖಾಲಿಯಾದವರಿಗೆ ಬಡವರ ಆಶ್ರಯಮನೆ. ಒಂದು ಮೂಲೆ ಲಂಡನ್ನಿನ ಒಬ್ಬ ಲಾರ್ಡ್‌ನ ಖಾಸಗಿ ಎಸ್ಟೇಟು. ಅಲ್ಲಿ ಕಾಲಿಟ್ಟರೆ ನೇರ ಜೈಲು! ಇಂದಿನ ಬೋರ್ಡಿನಲ್ಲಿ ‘ಜೈಲಿಗೆ ಹೋಗಿ’ ಅಂತ ಯಾಕಿದೆ, ನಾವು ಮಾಡಿದ ತಪ್ಪಾದರೂ ಏನು ಎಂದು ಚಿಕ್ಕಂದಿನಲ್ಲಿ ತಲೆ ಕೆಡಿಸಿಕೊಂಡಿದ್ದರೆ ಉತ್ತರ ಇದೇ. ಬೇರೆಯವರ ಜಮೀನಿಗೆ ನುಗ್ಗಿದ ತಪ್ಪು.

ಆಟದ ಹೆಸರು ‘ದಿ ಲ್ಯಾಂಡ್‌ಲಾರ್ಡ್ಸ್ ಗೇಮ್’. 1903ರ ಮಾರ್ಚ್‌ನಲ್ಲಿ ಅರ್ಜಿ ಹಾಕಿದರು, 1904ರ ಜನವರಿ 5ರಂದು ಪೇಟೆಂಟ್ ಸಿಕ್ಕಿತು.

ಅವರ ಜಾಣತನ ಕಾಣುವುದು ನಿಯಮಗಳಲ್ಲಿ. ಒಂದೇ ಬೋರ್ಡಿಗೆ ಎರಡು ಬಗೆಯ ನಿಯಮ ಕೊಟ್ಟರು. ಮೊದಲನೆಯದರಲ್ಲಿ ಬಾಡಿಗೆ ಜಮೀನ್ದಾರನ ಜೇಬಿಗೆ ಹೋಗುತ್ತದೆ, ಉಳಿದವರು ದಿವಾಳಿಯಾಗುತ್ತಾ ಹೋಗುತ್ತಾರೆ. ಎರಡನೆಯದರಲ್ಲಿ ನೆಲದ ಬಾಡಿಗೆ ಎಲ್ಲರ ಸಾಮಾನ್ಯ ಖಜಾನೆಗೆ ಹೋಗುತ್ತದೆ. ಎಲ್ಲರಿಗಿಂತ ಕಡಿಮೆ ಹಣದಿಂದ ಶುರು ಮಾಡಿದವನ ದುಡ್ಡು ಎರಡು ಪಟ್ಟಾದಾಗ ಆಟವನ್ನು ಎಲ್ಲರೂ ಗೆದ್ದಂತೆ. ಎರಡನ್ನೂ ಆಡಿ, ಯಾವ ಲೋಕ ಬೇಕು ಅಂತ ನೀವೇ ಹೇಳಿ ಎಂಬುದು ಲಿಜ್ಜಿ ಉದ್ದೇಶ. ಜನ ಆರಿಸಿಕೊಂಡದ್ದು ಮೊದಲನೆಯದನ್ನೇ. ಅದರಲ್ಲಿ ಪಕ್ಕದವನನ್ನು ಮುಳುಗಿಸುವ ಮಜಾ ಇತ್ತು.

ಮನೆಮನೆಯ ನಿಯಮ

1906ರಲ್ಲಿ ಅಚ್ಚಾದ ಆಟ ಹೆಚ್ಚೇನೂ ಮಾರಾಟವಾಗಲಿಲ್ಲ. ಆದರೆ ಬೇರೊಂದು ದಾರಿಯಲ್ಲಿ ಹಬ್ಬಿತು. ಜನ ಗೆಳೆಯರ ಮನೆಯಲ್ಲಿ ಆಡಿ, ಬಟ್ಟೆಯ ಮೇಲೋ ಹಲಗೆಯ ಮೇಲೋ ತಾವೇ ನಕಲು ಬರೆದುಕೊಂಡು ಊರಿಗೆ ಒಯ್ದರು. ಡೆಲವೇರ್ ರಾಜ್ಯದಲ್ಲಿ ಹೆನ್ರಿ ಜಾರ್ಜ್ ಅನುಯಾಯಿಗಳೇ ಕಟ್ಟಿಕೊಂಡಿದ್ದ ಆರ್ಡನ್ ಎಂಬ ಹಳ್ಳಿಯಲ್ಲಿ ಇದು ಮನೆಮಾತಾಯಿತು. ಅಲ್ಲಿ ಆಡಿ ಕಲಿತ ಅರ್ಥಶಾಸ್ತ್ರದ ಪ್ರೊಫೆಸರ್ ಸ್ಕಾಟ್ ನಿಯರಿಂಗ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಮ್ಮ ವಿದ್ಯಾರ್ಥಿಗಳಿಗೂ ಕಲಿಸಿದರು. ಜನ ಇದನ್ನು ‘ಮೊನೊಪಲಿ ಆಟ’ ಎಂದು ಕರೆಯತೊಡಗಿದರು.

ಬಾಯಿಂದ ಬಾಯಿಗೆ ಹೋದ ಆಟ ಒಂದೇ ಥರ ಇರುತ್ತದೆಯೇ? ನಮ್ಮ ಚೌಕಾಬಾರವನ್ನೇ ನೋಡಿ. ಒಬ್ಬರ ಮನೆಯಲ್ಲಿ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಇನ್ನೊಬ್ಬರ ಮನೆಯಲ್ಲಿ ಆ ಗೊಡವೆಯೇ ಇಲ್ಲ. ಮದುವೆಯಾಗಿ ಬಂದ ಸೊಸೆಗೆ ಮೊದಲ ಜಗಳ ಚೌಕಾಬಾರದಲ್ಲೇ ಆದರೂ ಆಶ್ಚರ್ಯವಿಲ್ಲ. ಅಮೆರಿಕದಲ್ಲೂ ಹಾಗೇ ಆಯಿತು. ಪ್ರತಿ ಊರಿನವರು ಬೋರ್ಡಿನ ಮೇಲೆ ತಮ್ಮ ಬೀದಿಗಳ ಹೆಸರು ಬರೆದುಕೊಂಡರು. ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಗೆ ಆಟ ಬಂದಾಗ ಅಲ್ಲಿದ್ದ ಕ್ವೇಕರ್ ಪಂಥದವರು ಬೋರ್ಡ್‌ವಾಕ್, ಪಾರ್ಕ್ ಪ್ಲೇಸ್ ಎಂದು ತಮ್ಮೂರಿನ ಬೀದಿಗಳನ್ನು ಸೇರಿಸಿದರು. ಮೊದಲು ಸೈಟು ಮಾರಲು ಹರಾಜು ಕೂಗುವ ಪದ್ಧತಿ ಇತ್ತು. ಮೌನಕ್ಕೆ ಬೆಲೆ ಕೊಡುವ ಈ ಜನಕ್ಕೆ ಆ ಗಲಾಟೆ ಹಿಡಿಸಲಿಲ್ಲ. ಪ್ರತಿ ಸೈಟಿಗೂ ನಿಗದಿತ ಬೆಲೆ ಬರೆದುಬಿಟ್ಟರು. ಇಂದಿಗೂ ಬೋರ್ಡಿನ ಮೇಲೆ ಬೆಲೆ ಅಚ್ಚಾಗಿರುವುದು ಆ ಮನೆನಿಯಮದಿಂದ.

1932ರ ಹೊತ್ತಿಗೆ ಈ ಅಟ್ಲಾಂಟಿಕ್ ಸಿಟಿ ಬೋರ್ಡ್ ಫಿಲಡೆಲ್ಫಿಯಾದ ಟಾಡ್ ದಂಪತಿಯ ಮನೆ ತಲುಪಿತ್ತು. ಅವರು ಅದನ್ನು ಕಲಿಸಿಕೊಟ್ಟ ಗೆಳೆಯರಲ್ಲಿ ಒಬ್ಬ ಚಾರ್ಲ್ಸ್ ಡ್ಯಾರೋ. ನಿಯಮಗಳನ್ನು ಬರೆದುಕೊಡಿ ಎಂದು ಕೇಳಿ ಪಡೆದ. ಮುಂದೆ ಅದೇ ಆಟವನ್ನು ತನ್ನ ಹೆಸರಲ್ಲಿ ಮಾರಿದ.

ನಕಲು ಎನ್ನುವುದಕ್ಕೆ ಪುರಾವೆ ಬೋರ್ಡಿನಲ್ಲೇ ಇದೆ. ಅಟ್ಲಾಂಟಿಕ್ ಸಿಟಿ ಹತ್ತಿರದ ಬಡಾವಣೆಯ ಸರಿಯಾದ ಹೆಸರು ಮಾರ್ವೆನ್ ಗಾರ್ಡನ್ಸ್. ಟಾಡ್ ಅದನ್ನು ಮಾರ್ವಿನ್ ಎಂದು ತಪ್ಪಾಗಿ ಬರೆದಿದ್ದರು. ಡ್ಯಾರೋ ಬೋರ್ಡಿನಲ್ಲೂ ಅದೇ ತಪ್ಪು! ಪರೀಕ್ಷೆಯಲ್ಲಿ ಪಕ್ಕದವನ ಕಾಗುಣಿತದ ತಪ್ಪನ್ನೂ ಸೇರಿಸಿ ಕಾಪಿ ಹೊಡೆದ ಹುಡುಗನ ಕಥೆ ಇದು.

500 ಡಾಲರ್

ಈ ನಡುವೆ ಲಿಜ್ಜಿ ಬದುಕು ಸುಮ್ಮನೆ ಸಾಗುತ್ತಿರಲಿಲ್ಲ. 1906ರಲ್ಲಿ ಷಿಕಾಗೋಗೆ ಹೋದರು. ಸ್ಟೆನೋಗ್ರಾಫರ್ ಸಂಬಳದಲ್ಲಿ ಬದುಕಲಾಗದೆ, ತಮ್ಮನ್ನೇ ಗುಲಾಮಳಾಗಿ ಹೆಚ್ಚು ಬೆಲೆ ಕೂಗಿದವರಿಗೆ ಮಾರಿಕೊಳ್ಳುವುದಾಗಿ ಜಾಹೀರಾತು ಕೊಟ್ಟರು! ದೇಶವೆಲ್ಲ ಸುದ್ದಿಯಾಯಿತು. ಒಂಟಿ ಹೆಣ್ಣಿನ ದುಡಿಮೆಗೆ ಎಷ್ಟು ಕಡಿಮೆ ಬೆಲೆ ಎಂದು ತೋರಿಸುವುದೇ ಉದ್ದೇಶವಾಗಿತ್ತು. ಅದೇ ವರ್ಷ ಪತ್ರಿಕೆಯೊಂದರಲ್ಲಿ ವರದಿಗಾರ್ತಿ ಕೆಲಸ ಸಿಕ್ಕಿತು. 1910ರಲ್ಲಿ, 44ನೇ ವಯಸ್ಸಿನಲ್ಲಿ ಆಲ್ಬರ್ಟ್ ಫಿಲಿಪ್ಸ್ ಎಂಬವರನ್ನು ಮದುವೆಯಾದರು. ಆಟ ತಯಾರಿಸುವ ಪಾರ್ಕರ್ ಬ್ರದರ್ಸ್ ಕಂಪನಿ ಅವರ ‘ಮಾಕ್ ಟ್ರಯಲ್’ ಎಂಬ ಇಸ್ಪೀಟು ಬಗೆಯ ಆಟವನ್ನು ಆ ವರ್ಷ ತಂದಿತು, ಲ್ಯಾಂಡ್‌ಲಾರ್ಡ್ಸ್ ಗೇಮ್ ಮಾತ್ರ ಬೇಡ ಎಂದಿತು. ಅವರು ಕೈಬಿಡದೆ ಆಟವನ್ನು ತಿದ್ದಿ 1924ರಲ್ಲಿ ಎರಡನೇ ಪೇಟೆಂಟ್ ಪಡೆದರು.

1935ರಲ್ಲಿ ಅದೇ ಪಾರ್ಕರ್ ಬ್ರದರ್ಸ್ ಡ್ಯಾರೋನಿಂದ ಮೊನೊಪಲಿ ಕೊಂಡಿತು. ಆಟ ಬಿಸಿಬಿಸಿ ದೋಸೆಯಂತೆ ಖರ್ಚಾಯಿತು. ಡ್ಯಾರೋಗೆ ಪ್ರತಿ ಪೆಟ್ಟಿಗೆಯ ಮೇಲೂ ರಾಯಲ್ಟಿ. ಆದರೆ ಲಿಜ್ಜಿಯ 1924ರ ಪೇಟೆಂಟ್ ಇನ್ನೂ ಜೀವಂತವಾಗಿತ್ತು, ಅದನ್ನು ಬಿಟ್ಟರೆ ಅಪಾಯ ಎಂದು ಕಂಪನಿಗೆ ಗೊತ್ತಿತ್ತು. ಜಾರ್ಜ್ ಪಾರ್ಕರ್ ಸ್ವತಃ ಅವರ ಮನೆಗೆ ಹೋಗಿ ಭೇಟಿಯಾದ. 1935ರ ನವೆಂಬರ್‌ನಲ್ಲಿ ಪೇಟೆಂಟ್ ಕೈಬದಲಾಯಿತು. ಬೆಲೆ 500 ಡಾಲರ್, ರಾಯಲ್ಟಿ ಇಲ್ಲ.

ಅವರು ಒಪ್ಪಿದ್ದೇಕೆ? ಹಣಕ್ಕಾಗಿ ಅಲ್ಲ ಎಂದೇ ತೋರುತ್ತದೆ. ದೊಡ್ಡ ಕಂಪನಿಯ ಮೂಲಕ ತಮ್ಮ ಆಟ, ಅದರೊಳಗಿನ ವಿಚಾರ ಮನೆಮನೆಗೆ ತಲುಪುತ್ತದೆ ಎಂದು ಖುಷಿಪಟ್ಟಿದ್ದರು. ತಲುಪಿದ್ದು ಇನ್ನೊಬ್ಬನ ಹೆಸರಿನ ಆಟ. ಅದೂ ಎರಡನೇ ನಿಯಮಾವಳಿಯನ್ನು ಕಿತ್ತುಹಾಕಿ. ಜಮೀನ್ದಾರಿಕೆಯ ಕೇಡು ತೋರಿಸಲು ಹುಟ್ಟಿದ ಆಟ ಜಮೀನ್ದಾರನಾಗುವ ಖುಷಿಯ ಆಟವಾಗಿ ನಿಂತಿತು. 1936ರ ಜನವರಿಯಲ್ಲಿ ಲಿಜ್ಜಿ ತಮ್ಮ ಹಳೆಯ ಬೋರ್ಡ್‌ಗಳನ್ನು ಕೈಯಲ್ಲಿ ಹಿಡಿದು ವಾಷಿಂಗ್ಟನ್ ಪತ್ರಿಕೆಗಳ ಮುಂದೆ ಕುಳಿತು, ಆಟ ಯಾರದ್ದು ಎಂದು ಹೇಳಿದರು. ಸುದ್ದಿ ಅಚ್ಚಾಯಿತು, ಯಾರೂ ನೆನಪಿಡಲಿಲ್ಲ. ಮಾತು ಕೊಟ್ಟಂತೆ ಕಂಪನಿ 1939ರಲ್ಲಿ ಲ್ಯಾಂಡ್‌ಲಾರ್ಡ್ಸ್ ಗೇಮ್ ಅನ್ನೂ ಹೊರತಂದಿತು. ಕೊಳ್ಳುವವರಿರಲಿಲ್ಲ.

1940ರ ಜನಗಣತಿಯವರು ಮನೆಗೆ ಬಂದಾಗ ಲಿಜ್ಜಿ ಉದ್ಯೋಗದ ಕಾಲಂನಲ್ಲಿ ಆಟ ತಯಾರಕಿ ಎಂದು ಬರೆಸಿದರು. ಆದಾಯದ ಕಾಲಂನಲ್ಲಿ ಸೊನ್ನೆ. 1948ರಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ.

ನಾವು ಮಾಡಿಕೊಂಡ ನಿಯಮ ಆಟವನ್ನು ಕೆಡಿಸುತ್ತದೆಯೇ?

ಮನೆನಿಯಮ ಇಂದಿಗೂ ನಿಂತಿಲ್ಲ. ಕಟ್ಟಿದ ತೆರಿಗೆ, ದಂಡವನ್ನೆಲ್ಲ ಬೋರ್ಡಿನ ನಡುವೆ ಗುಡ್ಡೆ ಹಾಕಿ, ‘ಫ್ರೀ ಪಾರ್ಕಿಂಗ್’ ಮೂಲೆಗೆ ಬಂದವರಿಗೆ ಅಷ್ಟನ್ನೂ ಕೊಡುವುದು ಮೊನೊಪಲಿಯ ಮೂಲ ನಿಯಮ ಎಂದು ಬಹಳ ಜನ ನಂಬಿದ್ದಾರೆ. ತಪ್ಪು. ಅಧಿಕೃತ ನಿಯಮದಲ್ಲಿ ಆ ಮೂಲೆಯಲ್ಲಿ ಏನೂ ಸಿಗುವುದಿಲ್ಲ, ದಂಡ ಬ್ಯಾಂಕಿಗೆ ಹೋಗುತ್ತದೆ. ಇನ್ನೊಂದು, ಯಾರಾದರೂ ಸೈಟು ಬೇಡ ಎಂದರೆ ಬ್ಯಾಂಕು ಅದನ್ನು ತಕ್ಷಣ ಹರಾಜು ಹಾಕಬೇಕು. ಹೆಚ್ಚಿನ ಮನೆಗಳಲ್ಲಿ ಹರಾಜೇ ನಡೆಯುವುದಿಲ್ಲ.

ಮೊನೊಪಲಿ ಗಂಟೆಗಟ್ಟಲೆ ಮುಗಿಯುವುದೇ ಇಲ್ಲ ಎಂಬ ದೂರಿಗೆ ಇವೆರಡೂ ದೊಡ್ಡ ಕಾರಣ. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ದಿವಾಳಿಯಾದಾಗ ಮಾತ್ರ ಆಟ ಮುಗಿಯುತ್ತದೆ. ಆಚೆ ಹೋಗಬೇಕಾದ ದುಡ್ಡು ಮತ್ತೆ ಆಟಗಾರರ ಕೈಗೇ ಬಂದರೆ ದಿವಾಳಿ ಮುಂದಕ್ಕೆ ಹೋಗುತ್ತದೆ. ಹರಾಜಿಲ್ಲದಿದ್ದರೆ ಸೈಟುಗಳು ಬೇಗ ಮಾರಾಟವಾಗದೆ ಬಾಡಿಗೆ ಏಳುವುದೂ ತಡ. ಹೊತ್ತು ಕಳೆಯಬೇಕಾದ ಮಳೆಗಾಲದ ಭಾನುವಾರಕ್ಕೆ ಇದು ಒಳ್ಳೆಯದೇ. ಬೇಗ ಮುಗಿಯಬೇಕೆಂದರೆ ಎರಡನ್ನೂ ಬಿಡಿ.

ಲಿಜ್ಜಿ ಹೆಸರು ಮತ್ತೆ ಮೇಲೆದ್ದದ್ದು ಒಂದು ಜಗಳದಿಂದ. 1973ರಲ್ಲಿ ರಾಲ್ಫ್ ಆನ್‌ಸ್ಪಾಕ್ ಎಂಬ ಅರ್ಥಶಾಸ್ತ್ರದ ಪ್ರೊಫೆಸರ್ ‘ಆ್ಯಂಟಿ-ಮೊನೊಪಲಿ’ ಎಂಬ ಆಟ ಮಾಡಿದರು. ಹೆಸರು ನಮ್ಮದು ಎಂದು ಕಂಪನಿ ಆಕ್ಷೇಪ ಎತ್ತಿತು. ಪ್ರಕರಣ ಕೋರ್ಟಿಗೆ ಹೋಯಿತು. ವಾದಕ್ಕಾಗಿ ಹಳೆಯ ಕಾಗದ ಕೆದಕಿದ ಅವರಿಗೆ ಸಿಕ್ಕಿದ್ದು ಲಿಜ್ಜಿಯ ಪೇಟೆಂಟ್, ಡ್ಯಾರೋಗಿಂತ ಮೊದಲೇ ಆಡಿದ್ದವರು, ಅವರ ಕೈಬರಹದ ಬೋರ್ಡ್‌ಗಳು. ಹತ್ತು ವರ್ಷ ನಡೆದ ವ್ಯಾಜ್ಯದಲ್ಲಿ ಕೊನೆಗೆ ಗೆದ್ದದ್ದು ಪ್ರೊಫೆಸರ್.

ನಂಬಿಕೆ ಬರದಿದ್ದರೆ ನಿಮ್ಮ ಫೋನಿನಲ್ಲೇ ನೋಡಬಹುದು. ಗೂಗಲ್ ಪೇಟೆಂಟ್ಸ್‌ಗೆ ಹೋಗಿ ಯುಎಸ್ 748626 ಎಂದು ಹುಡುಕಿ. ಲಿಜ್ಜಿಯ 1904ರ ಬೋರ್ಡಿನ ಚಿತ್ರ ತೆರೆದುಕೊಳ್ಳುತ್ತದೆ. ಜೈಲು ಯಾವ ಮೂಲೆಯಲ್ಲಿದೆ ಹುಡುಕಿ ನೋಡಿ.